ಒಂದು ಪಾವು ಎಂದರೆ ಎಷ್ಟು ಗ್ರಾಂ?



ಇವತ್ತಿನ ಮಾತನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ನಾನು ಟೆಲಿವಿಷನ್ ಕೆಲಸಕ್ಕೆ ಸೇರಿದ ಹೊಸತು. ದೀಪಾವಳಿಗೆ ಮುಂಚೆ ಪ್ರಸಾರವಾಗಬೇಕಿದ್ದ ಒಂದು ಅಡುಗೆ ಕಾರ್ಯಕ್ರಮಕ್ಕೆ ಸಹಾಯಕನಾಗಿ ನನ್ನನ್ನು ಹಾಕಿದ್ದರು. ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ ಮೈಸೂರು ಪಾಕು ಮಾಡಿ ತೋರಿಸಲು ಬಂದಿದ್ದರು. ಬರುವಾಗ ಚೀಲದಲ್ಲಿ ತಮ್ಮದೇ ಹಿತ್ತಾಳೆಯ ಪಾವು ತಂದಿದ್ದರು. ಒಂದು ಪಾವು ಕಡಲೆಹಿಟ್ಟು, ಎರಡು ಪಾವು ಸಕ್ಕರೆ, ಎರಡು ಪಾವು ತುಪ್ಪ. ಅಳೆದರು, ಸುರಿದರು, ಕೈಯಾಡಿಸಿದರು. ಪಾಕು ಗೂಡು ಗೂಡಾಗಿ ಉಬ್ಬಿ ಬಂತು. ಚಿತ್ರೀಕರಣ ಮುಗಿದಾಗ ತಟ್ಟೆ ಖಾಲಿ.

ಪರದೆಯ ಕೆಳಗೆ ಬರುವ ಸಾಮಗ್ರಿಗಳ ಪಟ್ಟಿ ಬರೆಯುವ ಕೆಲಸ ನನ್ನದು. ನಾನು ವಿಜ್ಞಾನದ ಪದವೀಧರ. ಪಾವು, ಚಟಾಕು ಎಂದರೆ ಈಗಿನವರಿಗೆ ಅರ್ಥವಾಗುತ್ತದೆಯೇ, ಎಲ್ಲವನ್ನೂ ಗ್ರಾಂನಲ್ಲಿ ಕೊಡೋಣ ಎಂದುಕೊಂಡೆ. ಸೇರು ಎಂದರೆ ಹೆಚ್ಚು ಕಡಿಮೆ ಒಂದು ಕಿಲೋ, ಪಾವು ಅದರ ಕಾಲುಭಾಗ, ಆದ್ದರಿಂದ 250 ಗ್ರಾಂ. ಪಟ್ಟಿ ಸಿದ್ಧವಾಯಿತು: ಕಡಲೆಹಿಟ್ಟು 250 ಗ್ರಾಂ, ಸಕ್ಕರೆ 500 ಗ್ರಾಂ, ತುಪ್ಪ 500 ಗ್ರಾಂ. ಯಾರೂ ಆಕ್ಷೇಪಿಸಲಿಲ್ಲ. ಕಾರ್ಯಕ್ರಮ ಪ್ರಸಾರವಾಯಿತು.

ಹಬ್ಬ ಕಳೆದ ಮೇಲೆ ಪತ್ರಗಳು ಬಂದವು. ಒಂದು ಇನ್‌ಲ್ಯಾಂಡ್ ಪತ್ರ ಇವತ್ತಿಗೂ ನನ್ನ ಹತ್ತಿರ ಇದೆ. ಬರೆದವರು ಒಬ್ಬ ಗೃಹಿಣಿ. ಮದುವೆಯಾದ ಮೇಲೆ ಅಳಿಯ ಮೊದಲ ಸಲ ಹಬ್ಬಕ್ಕೆ ಬರುವವರಿದ್ದರಂತೆ. ತಿಂಗಳಿಡೀ ಬೆಣ್ಣೆ ಕೂಡಿಟ್ಟು ಕಾಯಿಸಿದ ಅರ್ಧ ಕಿಲೋ ತುಪ್ಪವನ್ನು ನಮ್ಮ ಪಟ್ಟಿಯನ್ನು ನಂಬಿ ಸುರಿದಿದ್ದಾರೆ. 'ಪಾಕು ಇಟ್ಟಿಗೆಯಾಗಿದೆ, ಕತ್ತರಿಸಲು ಚಾಕು ಸಾಲದೆ ಕತ್ತಿ ತಂದೆವು. ನೀವು ಅಳೆದು ನೋಡಿ ಬರೆದಿರೋ, ಬಾಯಿಗೆ ಬಂದದ್ದನ್ನು ಬರೆದಿರೋ ತಿಳಿಸಿ' ಎಂದು ಕೇಳಿದ್ದರು. ಕೋಪಕ್ಕಿಂತ ಹೆಚ್ಚಾಗಿ ಆ ಪತ್ರದಲ್ಲಿ ಅವಮಾನವಿತ್ತು. ಅಳಿಯನ ಮುಂದೆ ಇಟ್ಟ ತಟ್ಟೆಯ ಅವಮಾನ.

ಪತ್ರ ಹಿಡಿದುಕೊಂಡು ಆ ಅಮ್ಮನ ಮನೆಗೆ ಹೋದೆ. ಅವರು ಓದಿಸಿ ಕೇಳಿದರು. ಆಮೇಲೆ ಹೇಳಿದರು: 'ಅಲ್ಲಪ್ಪಾ, ಬಿ.ಎಸ್ಸಿ. ಓದಿದೀಯ ಅಂತೀಯ. ಒಂದು ಪಾವು ಹಿಟ್ಟು, ಒಂದು ಪಾವು ಸಕ್ಕರೆ ಒಂದೇ ತೂಕ ಬರತ್ತಾ? ಎರಡು ಕೈಯಲ್ಲಿ ಎತ್ತಿ ನೋಡಿದ್ರೆ ಸಾಕಿತ್ತಲ್ಲ!'

ಅವರ ಪಾವನ್ನೇ ಎರವಲು ಪಡೆದು ಬೀದಿ ಕೊನೆಯ ಕಿರಾಣಿ ಅಂಗಡಿಯ ತಕ್ಕಡಿಯ ಮುಂದೆ ನಿಂತೆ. ಅದರಲ್ಲಿ ಹಿಡಿಸುವ ನೀರು ಸರಿಸುಮಾರು 250 ಮಿಲಿಲೀಟರ್. ಆದರೆ ಅದೇ ಪಾವಿನಲ್ಲಿ ಕಡಲೆಹಿಟ್ಟು ತೂಗಿದ್ದು ನೂರು ಗ್ರಾಂ ಆಸುಪಾಸು. ಸಕ್ಕರೆ 210. ಕರಗಿದ ತುಪ್ಪ 228. ಅಂದರೆ ಆ ಅಮ್ಮ ಮಾಡಿದ ಪಾಕಿನಲ್ಲಿ ನೂರು ಗ್ರಾಂ ಹಿಟ್ಟಿಗೆ 420 ಗ್ರಾಂ ಸಕ್ಕರೆ, 456 ಗ್ರಾಂ ತುಪ್ಪ ಇದ್ದವು. ನನ್ನ ಪಟ್ಟಿಯ ಪ್ರಕಾರ ನೂರು ಗ್ರಾಂ ಹಿಟ್ಟಿಗೆ 200 ಗ್ರಾಂ ಸಕ್ಕರೆ, 200 ಗ್ರಾಂ ತುಪ್ಪ. ಇರಬೇಕಾದ್ದಕ್ಕಿಂತ ಎರಡರಷ್ಟು ಹಿಟ್ಟು. ಇಟ್ಟಿಗೆಯಾಗದೆ ಇನ್ನೇನಾಗುತ್ತದೆ?

ನನ್ನ ತಪ್ಪು ಎಲ್ಲಿ ಹುಟ್ಟಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಈ ತಪ್ಪನ್ನು ಮಾಡುವವನು ನಾನೊಬ್ಬನೇ ಅಲ್ಲ. ನಮ್ಮ ಹಿರಿಯರಲ್ಲಿ 'ಸೇರು' ಎಂಬ ಒಂದೇ ಹೆಸರು ಎರಡು ಬೇರೆ ಸಂಗತಿಗಳಿಗೆ ಇತ್ತು. ಒಂದು ತೂಕದ ಸೇರು, ಇನ್ನೊಂದು ಅಳತೆಯ ಸೇರು. ತೂಕದ ಸೇರಿಗೆ 80 ತೊಲ. ಒಂದು ತೊಲ ಎಂದರೆ 11.66 ಗ್ರಾಂ, ಹಾಗಾಗಿ ಒಂದು ಸೇರು 933 ಗ್ರಾಂ. ಅಳತೆಯ ಸೇರು ಒಂದು ಪಾತ್ರೆ. ಅದರ ಕಾಲುಭಾಗ ಪಾವು, ಪಾವಿನ ಅರ್ಧ ಅರೆಪಾವು, ಅರೆಪಾವಿನ ಅರ್ಧ ಚಟಾಕು. ದೊಡ್ಡ ಲೆಕ್ಕಕ್ಕೆ ಕೊಳಗ, ಇಪ್ಪತ್ತು ಕೊಳಗ ಸೇರಿದರೆ ಖಂಡುಗ. ಎಷ್ಟು ಖಂಡುಗ ಬೀಜ ಬಿತ್ತಬಹುದು ಎಂಬುದರ ಮೇಲೆ ಹೊಲದ ವಿಸ್ತಾರವನ್ನೂ ಹೇಳುತ್ತಿದ್ದರು. ಪಾತ್ರೆಯ ಗಾತ್ರ ಊರಿಂದ ಊರಿಗೆ ಬದಲಾಗುತ್ತಿತ್ತು. ಒಂದೇ ಊರಿನಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದವೂ ಇತ್ತು. 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂದು, 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾಯಿತು. ವ್ಯಾಪಾರದಿಂದ ಸೇರು ಬಹುಮಟ್ಟಿಗೆ ಹೋಯಿತು, ಅಡುಗೆಮನೆಯಿಂದ ಹೋಗಲಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಈಗಲೂ ಸೇರಿನ ಕೂಗು ಕೇಳುತ್ತೀರಿ.

ಕಡಲೆಪುರಿಯವನೂ ಸೇರಿನಲ್ಲೇ ಅಳೆಯುತ್ತಾನೆ, ಗಮನಿಸಿದ್ದೀರಾ? ಅದು ಹಳೆಯ ಚಾಳಿ ಮಾತ್ರವಲ್ಲ. ಒಂದು ಪಾವು ಪುರಿ ಹದಿನೈದು ಗ್ರಾಂ ತೂಗಿದರೆ ಹೆಚ್ಚು. 'ಒಂದು ಕಿಲೋ ಪುರಿ ಕೊಡಿ' ಎಂದರೆ ಹದಿನಾರು ಲೀಟರಿನಷ್ಟು ದೊಡ್ಡ ಮೂಟೆ ಹೊತ್ತು ಮನೆಗೆ ಬರಬೇಕಾಗುತ್ತದೆ. ಸಾಲದೆಂಬಂತೆ, ಮಳೆಗಾಲದ ಥಂಡಿ ಗಾಳಿಗೆ ಅದು ತೇವ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಮೆತ್ತಗಾದ ಪುರಿಗೆ ಹೆಚ್ಚು ದುಡ್ಡು ಕೊಡಲು ನೀವು ಒಪ್ಪುತ್ತೀರಾ?

ಇನ್ನು ಗ್ರಾಂ ಎಂಬುದರ ಹುಟ್ಟಿಗೆ ಬರೋಣ. 1795ರಲ್ಲಿ ಫ್ರಾನ್ಸಿನಲ್ಲಿ ಮೆಟ್ರಿಕ್ ಪದ್ಧತಿಯನ್ನು ಕಾನೂನಾಗಿ ತಂದಾಗ, ಕರಗುವ ಮಂಜುಗಡ್ಡೆಯ ಉಷ್ಣತೆಯಲ್ಲಿ ಒಂದು ಘನ ಸೆಂಟಿಮೀಟರ್ ಶುದ್ಧ ನೀರಿನ ತೂಕವೇ ಒಂದು ಗ್ರಾಂ ಎಂದು ನಿಶ್ಚಯಿಸಿದ್ದರು. ಆ ವ್ಯಾಖ್ಯೆ ಮುಂದೆ ಬದಲಾಯಿತು. 2019ರ ಮೇ 20ರಿಂದ ಕಿಲೋಗ್ರಾಂ ಎಂಬುದು ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ. ಆದರೆ ನೀರಿನ ಮಟ್ಟಿಗೆ 250 ಮಿಲಿಲೀಟರ್ ಎಂದರೆ 250 ಗ್ರಾಂ ಎಂಬ ಹೊಂದಾಣಿಕೆ ಉಳಿದೇ ಇದೆ. ನಾನು ಮಾಡಿದ್ದು ಇಷ್ಟೇ: ಕಡಲೆಹಿಟ್ಟನ್ನು ನೀರೆಂದು ತಿಳಿದೆ. (ನಿಮ್ಮ ಭೌತಶಾಸ್ತ್ರದ ಮೇಷ್ಟ್ರು ಇದನ್ನು ಓದುತ್ತಿದ್ದರೆ 'ತೂಕ ಬೇರೆ, ದ್ರವ್ಯರಾಶಿ ಬೇರೆ' ಎಂದು ಹುಬ್ಬು ಗಂಟಿಕ್ಕಿಯಾರು. ಅವರ ಮಾತು ಸರಿ. ಆದರೂ ಅಂಗಡಿಯ ಭಾಷೆಯಲ್ಲಿ ತೂಕ ಎಂದೇ ಹೇಳುತ್ತೇನೆ, ಕ್ಷಮಿಸಲಿ.)

ಹಾಗಾದರೆ ಒಂದೇ ಪಾವಿನಲ್ಲಿ ಇಷ್ಟೊಂದು ವ್ಯತ್ಯಾಸ ಏಕೆ? ಪುಡಿಯುಪ್ಪು ತುಂಬಿದರೆ ಸುಮಾರು 300 ಗ್ರಾಂ, ಅಕ್ಕಿ 205, ರವೆ 175, ಮೈದಾ 125ರಿಂದ 150. ವಸ್ತುವಿನ ಸಾಂದ್ರತೆ ಬೇರೆ ಬೇರೆ ಎಂದು ನೀವು ಥಟ್ಟನೆ ಉತ್ತರ ಹೇಳಬಹುದು. ಅದು ಅರ್ಧ ಉತ್ತರ. ಉಪ್ಪಿನ ಹರಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.17 ಗ್ರಾಂ. ಪಾವಿನ ತುಂಬ ಉಪ್ಪೇ ಇದ್ದಿದ್ದರೆ 540 ಗ್ರಾಂ ತೂಗಬೇಕಿತ್ತು. ತೂಗುವುದು 300. ಉಳಿದದ್ದು? ಗಾಳಿ. ನಾವು ಪಾವಿನಲ್ಲಿ ಅಳೆಯುವುದು ಉಪ್ಪನ್ನಲ್ಲ, ಉಪ್ಪು ಮತ್ತು ಗಾಳಿಯ ಮಿಶ್ರಣವನ್ನು.

ಈ ಲೆಕ್ಕವನ್ನು ಮುಂದುವರಿಸಿದರೆ ಒಂದು ಸೊಗಸಾದ ಸಂಗತಿ ಕಾಣುತ್ತದೆ. ಉಪ್ಪಿನ ಪಾವಿನಲ್ಲಿ ಉಪ್ಪು ತುಂಬಿರುವುದು ನೂರಕ್ಕೆ 55 ಭಾಗ. ಸಕ್ಕರೆ ಹರಳಿನ ಸಾಂದ್ರತೆ 1.59, ಅದು ತುಂಬುವುದು ನೂರಕ್ಕೆ 53. ಅಕ್ಕಿಕಾಳಿನದು ಸುಮಾರು 1.45, ತುಂಬುವುದು 56 ಅಥವಾ 57. ಮೂರೂ ಬೇರೆ ಬೇರೆ ವಸ್ತು, ಬೇರೆ ಆಕಾರ, ಆದರೂ ತುಂಬುವ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕಾಳು ಕಾಳಾದ ಯಾವ ಪದಾರ್ಥವನ್ನು ಸುಮ್ಮನೆ ಸುರಿದರೂ ಹೆಚ್ಚು ಕಡಿಮೆ ಹೀಗೇ.

ಗೋಳಗಳನ್ನು ಎಷ್ಟು ಒತ್ತಾಗಿ ಜೋಡಿಸಬಹುದು ಎಂಬ ಪ್ರಶ್ನೆಯನ್ನು ಗ್ರಹಗಳ ಗತಿ ಕಂಡುಹಿಡಿದ ಕೆಪ್ಲರ್ 1611ರಲ್ಲೇ ಎತ್ತಿದ್ದ. ಹಣ್ಣಿನ ಅಂಗಡಿಯವನು ಮೋಸಂಬಿಯನ್ನು ಗೋಪುರವಾಗಿ ಪೇರಿಸುತ್ತಾನಲ್ಲ, ಅದಕ್ಕಿಂತ ಒತ್ತಾದ ಜೋಡಣೆ ಇಲ್ಲ ಎಂಬುದು ಅವನ ಊಹೆ. ಅದರಲ್ಲಿ ಹಣ್ಣಿನ ಪಾಲು ನೂರಕ್ಕೆ 74. ಅಂಗಡಿಯವನಿಗೆ ಸದಾ ಗೊತ್ತಿದ್ದ ಈ ಸಂಗತಿಯನ್ನು ಸಾಧಿಸಲು ಗಣಿತಜ್ಞರಿಗೆ ಸುಮಾರು ನಾಲ್ಕು ಶತಮಾನ ಬೇಕಾಯಿತು. ಅಮೆರಿಕದ ಥಾಮಸ್ ಹೇಲ್ಸ್ 1998ರಲ್ಲಿ ಕಂಪ್ಯೂಟರ್ ನೆರವಿನಿಂದ ಸಾಧನೆಯನ್ನು ಪ್ರಕಟಿಸಿದರು. ಅದರ ಪ್ರತಿ ಹೆಜ್ಜೆಯನ್ನೂ ಯಂತ್ರದಿಂದ ಪರಿಶೀಲಿಸಿ ಮುಗಿಸಿದ್ದು 2014ರಲ್ಲಿ. ಇದು ಕೈಯಾರೆ ಜೋಡಿಸಿದಾಗಿನ ಮಾತು. ಗೋಳಿಗಳನ್ನು ಸುರಿದು ಚೆನ್ನಾಗಿ ಕುಲುಕಿದರೆ ನೂರಕ್ಕೆ 64ರ ಹತ್ತಿರ ನಿಲ್ಲುತ್ತದೆ. ಕುಲುಕದೆ ಬಿಟ್ಟರೆ ಇನ್ನೂ ಕಡಿಮೆ. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಚಪ್ಪಟೆ ಗುಂಡಿಯಂಥ ಚಾಕಲೇಟ್ ಮಿಠಾಯಿಗಳನ್ನು ಪಾತ್ರೆಗೆ ಸುರಿದು ನೋಡಿ, ಅವು ಗೋಳಗಳಿಗಿಂತ ಒತ್ತಾಗಿ, ನೂರಕ್ಕೆ 68ರಷ್ಟು ತುಂಬುತ್ತವೆ ಎಂದು ಕಂಡರು. ಪ್ರಯೋಗ ಮುಗಿದ ಮೇಲೆ ಮಿಠಾಯಿ ಏನಾಯಿತೆಂದು ಯಾರೂ ಬರೆದಿಲ್ಲ.

ಇಲ್ಲಿ ನಿಮಗೊಂದು ಪ್ರಶ್ನೆ. ಒಂದು ಕೋಣೆಯ ತುಂಬ ಫುಟ್‌ಬಾಲ್ ಸುರಿದಿದ್ದೀರಿ, ಅಂಥದೇ ಇನ್ನೊಂದು ಕೋಣೆಯ ತುಂಬ ಗೋಲಿ. ಯಾವುದರಲ್ಲಿ ಗಾಳಿಯ ಪಾಲು ಹೆಚ್ಚು? 'ಫುಟ್‌ಬಾಲ್ ಇರುವುದರಲ್ಲಿ, ಅವುಗಳ ನಡುವಿನ ಸಂದು ದೊಡ್ಡದು' ಎಂದು ಬಹಳ ಮಂದಿ ಹೇಳುತ್ತಾರೆ. ಸಂದು ದೊಡ್ಡದು, ನಿಜ. ಆದರೆ ಸಂದುಗಳ ಸಂಖ್ಯೆ ಕಡಿಮೆ. ಗೋಡೆಯಂಚಿನ ಸ್ವಲ್ಪ ವ್ಯತ್ಯಾಸ ಬಿಟ್ಟರೆ ಎರಡರಲ್ಲೂ ಪಾಲು ಒಂದೇ. ಪಾಲನ್ನು ಬದಲಾಯಿಸುವುದು ಕಾಳಿನ ದಪ್ಪವಲ್ಲ, ಅದರ ಆಕಾರ ಮತ್ತು ಸಣ್ಣದು ದೊಡ್ಡದರ ಬೆರಕೆ. ಇದನ್ನು ಮನೆಯಲ್ಲೇ ನೋಡಿ. ಒಂದು ಲೋಟ ಕಡಲೆಕಾಳು, ಅದೇ ಲೋಟದಲ್ಲಿ ಒಂದು ಲೋಟ ಸಾಸಿವೆ ಅಳೆದು ಎರಡನ್ನೂ ಚೆನ್ನಾಗಿ ಬೆರೆಸಿ ಮತ್ತೆ ಅಳೆಯಿರಿ. ಎರಡು ಲೋಟ ಬರುವುದಿಲ್ಲ. ಸಾಸಿವೆ ಕಡಲೆಯ ಸಂದಿಗೆ ಇಳಿದಿರುತ್ತದೆ. (ಆಮೇಲೆ ಎರಡನ್ನೂ ಜರಡಿ ಹಿಡಿದು ಬೇರೆ ಮಾಡಿಕೊಟ್ಟರೆ ಮನೆಯಲ್ಲಿ ಬೈಗುಳ ತಪ್ಪುತ್ತದೆ.) ಗಾಳಿಯ ಪಾಲನ್ನು ನೇರವಾಗಿ ಅಳೆಯಬೇಕೆಂದರೆ, ಲೋಟದ ತುಂಬ ಕಾಳು ಹಾಕಿ, ಅಂಚಿನವರೆಗೆ ಎಷ್ಟು ಮಿಲಿಲೀಟರ್ ನೀರು ಹಿಡಿಯುತ್ತದೆ ಎಂದು ಸಿರಿಂಜಿನಿಂದ ಅಳೆಯಿರಿ. ಬೇಗ ಮಾಡಿ, ಕಾಳು ನೀರು ಕುಡಿಯಲು ಶುರುಮಾಡಿದರೆ ಲೆಕ್ಕ ಕೆಡುತ್ತದೆ.

ಹಿಟ್ಟಿನ ಕಥೆ ಬೇರೆ. ಮೈದಾದ ಪಾವಿನಲ್ಲಿ ಹಿಟ್ಟಿನ ಪಾಲು ಮೂರರಲ್ಲಿ ಒಂದು ಭಾಗ ಮಾತ್ರ, ಕಡಲೆಹಿಟ್ಟಿನಲ್ಲಿ ಅದಕ್ಕೂ ಕಡಿಮೆ. ಏಕೆ? ಕಣ ಚಿಕ್ಕದಾಗುತ್ತ ಹೋದಂತೆ ಅದನ್ನು ಕೆಳಕ್ಕೆಳೆಯುವ ತೂಕ ಬಹಳ ವೇಗವಾಗಿ ಇಳಿಯುತ್ತದೆ. ಅಡ್ಡಳತೆ ಹತ್ತನೇ ಒಂದಾದರೆ ತೂಕ ಸಾವಿರದ ಒಂದು ಭಾಗ. ಆದರೆ ಕಣ ಕಣಕ್ಕೆ ಅಂಟುವ ಬಲ ಅಷ್ಟು ಇಳಿಯುವುದಿಲ್ಲ, ಹೆಚ್ಚು ಕಡಿಮೆ ಹತ್ತರ ಒಂದು ಭಾಗಕ್ಕೆ ನಿಲ್ಲುತ್ತದೆ. ಸಕ್ಕರೆ ಹರಳು ಜಾರಿ ಸಂದು ತುಂಬುತ್ತದೆ, ಹಿಟ್ಟಿನ ಕಣವಾದರೋ ಸಿಕ್ಕಿದ್ದಕ್ಕೆ ಅಂಟಿಕೊಂಡು ನಡುವೆ ಗೂಡು ಕಟ್ಟುತ್ತದೆ. ಒತ್ತಿದರೆ ಆ ಗೂಡು ಕುಸಿಯುತ್ತದೆ, ಜರಡಿ ಹಿಡಿದರೆ ಮತ್ತೆ ಅರಳುತ್ತದೆ. ಆದ್ದರಿಂದಲೇ ಮೈದಾಗೆ ಒಂದೇ ಅಂಕಿ ಕೊಡಲು ಬರುವುದಿಲ್ಲ. ಜರಡಿ ಹಿಡಿದು ಚಮಚದಿಂದ ಹಗುರವಾಗಿ ತುಂಬಿದರೆ ಒಂದು ತೂಕ, ಪಾವನ್ನೇ ಡಬ್ಬಿಗೆ ಅದ್ದಿ ಎಳೆದರೆ ಇನ್ನೊಂದು ತೂಕ, ಅದೇ ಕೈ, ಅದೇ ಹಿಟ್ಟು, ಐದು ನಿಮಿಷದ ಅಂತರ. ಕೇಕು ಒಮ್ಮೆ ಹತ್ತಿಯಂತೆ ಬಂದು ಇನ್ನೊಮ್ಮೆ ಗಟ್ಟಿಯಾದರೆ ಎಲ್ಲರೂ ಒಲೆಯನ್ನು ದೂರುತ್ತಾರೆ. ನನ್ನ ಅನುಮಾನ ಮೊದಲು ಪಾವಿನ ಮೇಲೆ.

ಅಮೆರಿಕದಲ್ಲಿ ಇಂದಿಗೂ ಮನೆ ಅಡುಗೆ ಕಪ್ಪಿನ ಲೆಕ್ಕದಲ್ಲೇ ನಡೆಯುತ್ತದೆ. 1896ರಲ್ಲಿ ಬಾಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ಎಂಬಾಕೆ ತಮ್ಮ ಪುಸ್ತಕದಲ್ಲಿ ಕಪ್ಪನ್ನೂ ಚಮಚವನ್ನೂ ಚಾಕುವಿನಿಂದ ಸವರಿ ಮಟ್ಟಸವಾಗಿ ಅಳೆಯಬೇಕೆಂದು ಒತ್ತಿ ಹೇಳಿದರು. ಅದಕ್ಕೆ ಮುಂಚೆ ಅಲ್ಲಿಯ ಪುಸ್ತಕಗಳಲ್ಲೂ 'ಮೊಟ್ಟೆಗಾತ್ರದ ಬೆಣ್ಣೆ' ಎಂಬಂಥ ಅಳತೆಗಳಿದ್ದವು, ನಮ್ಮ 'ಗೋಲಿಗಾತ್ರದ ಹುಣಿಸೆಹಣ್ಣು' ಇದ್ದ ಹಾಗೆ. ಆದರೆ ಆ ಕಪ್ಪು ಕೂಡ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕಪ್ಪು 237 ಮಿಲಿಲೀಟರ್, ಆಸ್ಟ್ರೇಲಿಯದ್ದು 250, ಜಪಾನಿನ ಅಕ್ಕಿಯ ಅಳತೆ 180. ಅನ್ನ ಮಾಡುವ ವಿದ್ಯುತ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಕಪ್ಪು ಬಹಳ ಸಲ ಈ 180ರದೇ. ಅದರಲ್ಲಿ ಅಕ್ಕಿ ಅಳೆದು ಪಾವಿನಲ್ಲಿ ನೀರು ಹಾಕಿದರೆ ಅನ್ನ ಮುದ್ದೆಯಾಗುತ್ತದೆ.

ಮಟ್ಟಸವಾಗಿ ಸವರುವುದು, ಗೋಪುರವಾಗಿ ತುಂಬುವುದು: ಇದರ ಹಿಂದೆ ಸಣ್ಣದಲ್ಲದ ಗಣಿತವಿದೆ. ಅಕ್ಕಿಯನ್ನು ಗುಡ್ಡೆಯಾಗಿ ಸುರಿದರೆ ಅದು ಸುಮಾರು 35 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. 250 ಮಿಲಿಲೀಟರಿನ ಎರಡು ಪಾತ್ರೆ ಮಾಡಿಸೋಣ. ಮೊದಲನೆಯದರ ಬಾಯಿಯ ತ್ರಿಜ್ಯ ಮೂರೂವರೆ ಸೆಂಟಿಮೀಟರ್, ಎತ್ತರ ಆರೂವರೆ. ಎರಡನೆಯದರ ತ್ರಿಜ್ಯ ಐದು, ಎತ್ತರ ಮೂರು ಚಿಲ್ಲರೆ. ಸವರಿ ಅಳೆದರೆ ಎರಡೂ ಸಮ. ಗೋಪುರ ಕಟ್ಟಿ ಅಳೆದರೆ, ಶಂಕುವಿನ ಸೂತ್ರ ಹಾಕಿ ನೋಡಿ, ಮೊದಲನೆಯದರ ಮೇಲೆ 31 ಮಿಲಿಲೀಟರ್ ಹೆಚ್ಚು ನಿಲ್ಲುತ್ತದೆ, ಎರಡನೆಯದರ ಮೇಲೆ 92. ತ್ರಿಜ್ಯದ ಘನಕ್ಕೆ ಅನುಗುಣವಾಗಿ ಗೋಪುರ ಬೆಳೆಯುತ್ತದೆ. ಇನ್ನು ಯೋಚಿಸಿ: ರೈತನಿಂದ ಗೇಣಿಯ ಭತ್ತ ಅಳೆದುಕೊಳ್ಳುವವನು ಅಗಲ ಬಾಯಿಯ ಕೊಳಗದಲ್ಲಿ ಗೋಪುರ ಕಟ್ಟಿ ಅಳೆದು, ಅದೇ ರೈತನಿಗೆ ಮಳೆಗಾಲದಲ್ಲಿ ಕಾಳು ಸಾಲ ಕೊಡುವಾಗ ಸವರಿ ಕೊಟ್ಟರೆ? ಕೊಳಗ ಅದೇ, ಮುದ್ರೆ ಅದೇ, ಬಾಯಲ್ಲಿ ಹೇಳುವ ಸಂಖ್ಯೆಯೂ ಅದೇ. ನೂರಕ್ಕೆ ಮೂವತ್ತಾರು ಭಾಗ ಕೈ ಬದಲಾಯಿಸಿರುತ್ತದೆ. 1789ರಲ್ಲಿ ಫ್ರಾನ್ಸಿನ ಹಳ್ಳಿಗಳ ಜನ ದೊರೆಗೆ ಬರೆದ ಅಹವಾಲುಗಳಲ್ಲಿ ಅಳತೆಗಳನ್ನು ಒಂದೇ ಮಾಡಿ ಎಂಬ ಬೇಡಿಕೆ ಮತ್ತೆ ಮತ್ತೆ ಬರುವುದಕ್ಕೆ ಇಂಥವೇ ಕಾರಣಗಳು. ನಮ್ಮಲ್ಲಿ ವ್ಯಾಪಾರಿ ಕೊನೆಗೆ ಹಾಕುವ ಒಂದು ಹಿಡಿ 'ಕೊಸರು' ಬಹುಶಃ ಈ ಅನುಮಾನಕ್ಕೆ ಜನ ಕಂಡುಕೊಂಡ ಸಮಾಧಾನ.

ಮೈಸೂರು ಪಾಕು ಇಟ್ಟಿಗೆಯಾದರೆ ನಗಬಹುದು. ಒಂದು ವಿಷಯದಲ್ಲಿ ಮಾತ್ರ ಚಮಚದಿಂದ ಗ್ರಾಂಗೆ ಹೋಗುವ ಲೆಕ್ಕ ತಪ್ಪಿದರೆ ನಗುವಂತಿಲ್ಲ. ವಾಂತಿ ಭೇದಿಯಾದ ಮಗುವಿಗೆ ಕುಡಿಸುವ ಉಪ್ಪು ಸಕ್ಕರೆಯ ನೀರು ಅದು.

1971ರಲ್ಲಿ ಬಾಂಗ್ಲಾ ವಿಮೋಚನೆಯ ಕಾಲ. ಗಡಿ ದಾಟಿ ಬಂದ ನಿರಾಶ್ರಿತರಿಂದ ತುಂಬಿದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಮತ್ತು ಸಂಗಡಿಗರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ತೂಗಿ ಚೀಲಗಳಲ್ಲಿ ಕಟ್ಟಿದರು. ಒಂದು ಲೀಟರ್ ನೀರಿಗೆ ಗ್ಲೂಕೋಸ್ 22 ಗ್ರಾಂ, ಉಪ್ಪು ಮೂರೂವರೆ, ಸೋಡಾ ಎರಡೂವರೆ. ಅದನ್ನು ನೀರಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು ಮೂರರ ಆಸುಪಾಸಿಗೆ ಇಳಿಯಿತು. ಈ ಮಹಾನುಭಾವರು 2022ರಲ್ಲಿ ತೀರಿಕೊಂಡರು.

ಅಲ್ಲಿ ತಕ್ಕಡಿ ಇತ್ತು. ತಕ್ಕಡಿ ಇಲ್ಲದ ಹಳ್ಳಿಯ ಮನೆಯಲ್ಲಿ? ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ 1990ರವರೆಗೆ ಹೆಣ್ಣುಮಕ್ಕಳ ತಂಡಗಳನ್ನು ಮನೆಮನೆಗೆ ಕಳಿಸಿ ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಈ ನೀರು ಮಾಡುವುದನ್ನು ಕಲಿಸಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿದವರ ಸಂಬಳವನ್ನು, ಕಲಿತ ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆ ನಿರ್ಧರಿಸುತ್ತಿದ್ದರು! ಬೆರಳು, ಮುಷ್ಟಿ, ಸೇರುಗಳಿಂದ ಗ್ರಾಂ ಲೆಕ್ಕಕ್ಕೆ ಸೇತುವೆ ಕಟ್ಟಿದ ಇಷ್ಟು ದೊಡ್ಡ ಕೆಲಸ ಇನ್ನೊಂದನ್ನು ನಾನು ಕೇಳಿಲ್ಲ.

ಕೆಲವು ವರ್ಷಗಳ ಹಿಂದೆ ಇದೇ ವಿಷಯದ ಆರೋಗ್ಯ ಕಾರ್ಯಕ್ರಮವೊಂದನ್ನು ನಾನು ನಿರ್ಮಿಸಬೇಕಾಯಿತು. ಬರೆದು ತಂದಿದ್ದ ಪಾಠದಲ್ಲಿ 'ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು' ಎಂದಿತ್ತು. ನನಗೆ ಆ ಹಳೆಯ ಪತ್ರ ನೆನಪಾಯಿತು. 'ಡಾಕ್ಟ್ರೇ, ಯಾವ ಚಮಚ?' ಎಂದು ಕೇಳಿದೆ. 'ಟೀ ಚಮಚ ರೀ, ಎಲ್ಲರಿಗೂ ಗೊತ್ತಿರುತ್ತೆ' ಎಂದರು. ಮರುದಿನ ಕಚೇರಿಯ ಎಲ್ಲರೂ ತಮ್ಮ ತಮ್ಮ ಮನೆಯ 'ಟೀ ಚಮಚ' ತರಬೇಕೆಂದು ಹೇಳಿದೆ. ಹದಿನಾಲ್ಕು ಚಮಚ ಬಂದವು. ಸಿರಿಂಜಿನಿಂದ ನೀರು ಹಾಕಿ ಅಳೆದೆವು. ಅತಿ ಚಿಕ್ಕದು ಮೂರು ಮಿಲಿಲೀಟರ್, ಅತಿ ದೊಡ್ಡದು ಎಂಟು. ಡಾಕ್ಟರು ಸುಮ್ಮನಾದರು.

ಲೆಕ್ಕ ನೋಡಿ. ಸರಿಯಾದ ಟೀ ಚಮಚ 5 ಮಿಲಿಲೀಟರಿನದು. ಸವರಿದ ಅರ್ಧ ಚಮಚ ಪುಡಿಯುಪ್ಪು ಸುಮಾರು 3 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಗೊತ್ತುಮಾಡಿದ ಪೊಟ್ಟಣದಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಜೊತೆಗೆ ಬೇರೆ ಲವಣಗಳು. ಹತ್ತಿರ ಬಂತು. ಆದರೆ ಯಾರಾದರೂ ಊಟದ ದೊಡ್ಡ ಚಮಚ ತೆಗೆದುಕೊಂಡರೆ, ಅದು 15 ಮಿಲಿಲೀಟರ್, ಅರ್ಧ ಚಮಚದಲ್ಲೇ 9 ಗ್ರಾಂ. ಗೋಪುರ ಕಟ್ಟಿದರೆ ಇನ್ನೂ ಹೆಚ್ಚು. ಅಷ್ಟು ಉಪ್ಪಿನ ನೀರು ಎಳೆಯ ಮಗುವಿನ ರಕ್ತದಲ್ಲಿ ಸೋಡಿಯಂ ಏರಿಸಿ ಫಿಟ್ಸ್ ಬರಿಸಬಹುದು. ಕಲ್ಲುಪ್ಪಾದರೆ ತಾಪತ್ರಯ ಬೇರೆ. ಅರ್ಧ ಚಮಚದಲ್ಲಿ ನಿಲ್ಲುವುದು ಕೆಲವೇ ಹರಳು, ಒಂದು ಹರಳು ಹೆಚ್ಚು ಕಡಿಮೆಯಾದರೂ ತೂಕ ಹಾರುತ್ತದೆ. ಫುಟ್‌ಬಾಲಿನ ಉದಾಹರಣೆಯಲ್ಲಿ 'ಗೋಡೆಯಂಚಿನ ವ್ಯತ್ಯಾಸ' ಎಂದೆನಲ್ಲ, ಇಷ್ಟು ಚಿಕ್ಕ ಪಾತ್ರೆಗೆ ಅಷ್ಟು ದೊಡ್ಡ ಹರಳು ಹಾಕಿದಾಗ ಆ ವ್ಯತ್ಯಾಸವೇ ಮುಖ್ಯವಾಗಿಬಿಡುತ್ತದೆ. ಕೊನೆಗೆ ಆ ಕಾರ್ಯಕ್ರಮದಲ್ಲಿ ನಾವು ಔಷಧಿ ಬಾಟಲಿಯ ಜೊತೆ ಸಿಗುವ 5 ಮಿಲಿಲೀಟರ್ ಗೆರೆಯ ಚಮಚವನ್ನೇ ತೋರಿಸಿ, ಅದರಲ್ಲಿ ಪುಡಿಯುಪ್ಪನ್ನು ಸವರುವುದನ್ನು ನಿಧಾನವಾಗಿ ಎರಡು ಸಲ ತೋರಿಸಿದೆವು. ಆರೋಗ್ಯ ಕೇಂದ್ರದಲ್ಲೂ ಔಷಧಿ ಅಂಗಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣವೇ ಮೊದಲ ಆಯ್ಕೆ, ಇದು ಪೊಟ್ಟಣ ಸಿಗದ ಹೊತ್ತಿಗೆ ಮಾತ್ರ ಎಂದೂ ಹೇಳಿದೆವು. ನಿಮಗೂ ಅದನ್ನೇ ಹೇಳುತ್ತೇನೆ.

ಇಷ್ಟೆಲ್ಲ ಕೇಳಿದ ಮೇಲೆ ಎಲ್ಲರೂ ಒಂದು ಡಿಜಿಟಲ್ ತಕ್ಕಡಿ ತಂದುಬಿಡಿ ಎಂದು ನಾನು ಹೇಳುತ್ತೇನೆಂದು ನೀವು ನಿರೀಕ್ಷಿಸಬಹುದು. ಹಿಟ್ಟಿಗೆ, ಸಕ್ಕರೆಗೆ ತನ್ನಿ, ಸಂತೋಷ. ಚಿಟಿಕೆಯ ಲೆಕ್ಕಕ್ಕೆ ಅದು ಪ್ರಯೋಜನವಿಲ್ಲ. ಸಾಮಾನ್ಯ ಅಡುಗೆ ತಕ್ಕಡಿ ಒಂದು ಗ್ರಾಂಗಿಂತ ಸೂಕ್ಷ್ಮವಾಗಿ ತೋರಿಸದು. 2 ಗ್ರಾಂ ಎಂದು ಅದು ತೋರಿಸಿದಾಗ ನಿಜವಾದ ತೂಕ ಒಂದೂವರೆಯೂ ಇರಬಹುದು, ಎರಡೂವರೆಯ ಹತ್ತಿರವೂ ಇರಬಹುದು. ಅಂಥಲ್ಲಿ ಸವರಿದ ಚಮಚವೇ ವಾಸಿ. ಚಮಚದ ತೂಕ ತಿಳಿಯಬೇಕಿದ್ದರೆ ಒಂದು ಉಪಾಯವಿದೆ: ಇಪ್ಪತ್ತು ಸವರಿದ ಚಮಚವನ್ನು ಒಟ್ಟಿಗೆ ತೂಗಿ ಇಪ್ಪತ್ತರಿಂದ ಭಾಗಿಸಿ. ತಕ್ಕಡಿಯ ತಪ್ಪೂ ಇಪ್ಪತ್ತು ಪಾಲಾಗುತ್ತದೆ. ತಂತಿಯ ಇಪ್ಪತ್ತು ಸುತ್ತು ಸುತ್ತಿ ದಪ್ಪ ಅಳೆಯುವ ಪ್ರಯೋಗವನ್ನು ನೀವು ಶಾಲೆಯಲ್ಲಿ ಮಾಡಿದ್ದರೆ, ಇದು ಅದೇ.

ಈ ಭಾನುವಾರ ಮನೆಯ ಪಾವನ್ನೋ, ದಿನವೂ ಅಕ್ಕಿ ಅಳೆಯುವ ಲೋಟವನ್ನೋ ತೆಗೆದುಕೊಳ್ಳಿ. ಖಾಲಿ ಪಾತ್ರೆಯನ್ನು ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸ ಎಷ್ಟು ಗ್ರಾಂ ಇದೆಯೋ ಅಷ್ಟೇ ಮಿಲಿಲೀಟರ್ ನಿಮ್ಮ ಪಾತ್ರೆಯ ಅಳತೆ. ಒರೆಸಿ ಒಣಗಿಸಿ, ಮನೆಯಲ್ಲಿ ಹೆಚ್ಚು ಬಳಸುವ ಏಳೆಂಟು ಪದಾರ್ಥಗಳನ್ನು ಒಂದೊಂದಾಗಿ ಸವರಿ ತೂಗಿ. ಹಿಟ್ಟುಗಳನ್ನು ಮಾತ್ರ ಮೂರು ಸಲ ಮಾಡಿ: ಜರಡಿ ಹಿಡಿದು, ಸುಮ್ಮನೆ ತುಂಬಿ, ತಟ್ಟಿ ತುಂಬಿ. ಮೂರೂ ಅಂಕಿಗಳನ್ನು ಬರೆದಿಡಿ. ನೆರೆಮನೆಯ ಗೆಳೆಯ ಗೆಳತಿಯರ ಅಂಕಿಗಳೊಡನೆ ಹೋಲಿಸಿ. ಪುಸ್ತಕದಲ್ಲಿ ಕಂಡ ಅಂಕಿಗೆ ನಿಮ್ಮದು ಹೊಂದದಿದ್ದರೆ ನಿಮ್ಮದನ್ನು ಅಳಿಸಬೇಡಿ, ನಾನು ಮೇಲೆ ಕೊಟ್ಟ ಅಂಕಿಗಳಿಗೂ ಈ ಮಾತು ಅನ್ವಯಿಸುತ್ತದೆ. ನಿಮ್ಮ ಮನೆಯ ರಾಗಿಹಿಟ್ಟು ನಿಮ್ಮ ಗಿರಣಿಯ ಕಲ್ಲಿನದು.

ಇನ್‌ಲ್ಯಾಂಡ್ ಪತ್ರ ಬರೆದ ಆ ತಾಯಿಗೆ ಅಂದು ಉತ್ತರ ಬರೆದಿದ್ದೆ. ಅಳೆದು ನೋಡದೆ ಬರೆದೆ ಎಂದು ಒಪ್ಪಿಕೊಂಡು, ತೂಗಿ ನೋಡಿದ ಅಂಕಿಗಳನ್ನು ಕಳಿಸಿ, ಗಟ್ಟಿಯಾದ ಪಾಕನ್ನು ಪುಡಿಮಾಡಿ ಹಾಲಿಗೆ ಹಾಕಿ ಕುದಿಸಿದರೆ ಪಾಯಸದ ಹಾಗೆ ಆಗುತ್ತದೆಂದು ಪಾವಿನ ಒಡತಿ ಅಮ್ಮ ಹೇಳಿದ್ದನ್ನೂ ಸೇರಿಸಿದ್ದೆ. ಯುಗಾದಿಯ ಹೊತ್ತಿಗೆ ಒಂದು ಕಾರ್ಡು ಬಂತು. 'ಈ ಸಲ ಸರಿ ಬಂತು. ಆದರೆ ನಾನು ನಿಮ್ಮ ಗ್ರಾಂ ನೋಡಲಿಲ್ಲ, ನಮ್ಮತ್ತೆಯ ಪಾವಿನಲ್ಲೇ ಅಳೆದೆ' ಎಂದಿತ್ತು.